ಮಲಗಿದ ಮೇವಿನ ಜೋಳ ತಾನೇ ಏಳುತ್ತದೆಯೇ?



ಮಳೆಗಾಳಿ ಹೊಡೆದ ಮರುದಿನ ಸಂಘಗಳಿಗೆ ಹೋದರೆ ನಮಗೆ ಎದುರಾಗುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಮೇವಿನ ಮುಸುಕಿನ ಜೋಳ ಎಲ್ಲಾ ಮಲಗಿಬಿಟ್ಟಿದೆ. ಕುಯ್ಯೋದಾ, ಬಿಡೋದಾ?" ಇದಕ್ಕೆ ಉತ್ತರ ಬೆಳೆಯ ವಯಸ್ಸಿನಲ್ಲಿದೆ.

ಗಿಡಕ್ಕೆ ಮೇಲು-ಕೆಳಗು ತಿಳಿಯುವುದು ಹೇಗೆ?

ಬೀಜ ಹೇಗೆ ಬಿದ್ದರೂ ಬೇರು ಕೆಳಕ್ಕೆ, ಮೊಳಕೆ ಮೇಲಕ್ಕೆ ಹೋಗುತ್ತದೆ. ಮಣ್ಣಿನೊಳಗೆ ಬೆಳಕಿಲ್ಲ, ಅಲ್ಲಿ ದಾರಿ ತೋರುವುದು ಭೂಮಿಯ ಗುರುತ್ವಾಕರ್ಷಣೆ. ಇಂಗ್ಲೆಂಡಿನ ಥಾಮಸ್ ನೈಟ್ ಎಂಬುವರು ತಿರುಗುವ ಚಕ್ರದ ಮೇಲೆ ಬೀಜಗಳನ್ನು ಮೊಳೆಯಿಸಿ 1806ರಲ್ಲೇ ಇದನ್ನು ತೋರಿಸಿಕೊಟ್ಟರು.

ಬೇರಿನ ತುದಿಯಲ್ಲೂ ಜೋಳದ ದಂಟಿನ ಗೆಣ್ಣುಗಳಲ್ಲೂ ಇರುವ ಕೆಲವು ಜೀವಕೋಶಗಳಲ್ಲಿ ಪಿಷ್ಟದ ಭಾರವಾದ ಕಣಗಳಿವೆ. ಗಿಡ ಮಲಗಿದಾಗ ಇವು, ಅಡ್ಡ ಮಲಗಿಸಿದ ಬಾಟಲಿಯ ಮರಳಿನಂತೆ, ಕೆಳಮಗ್ಗುಲಿಗೆ ಜಾರುತ್ತವೆ. ಆಗ ಆಕ್ಸಿನ್ ಎಂಬ ಚೋದಕವೂ ಕೆಳಮಗ್ಗುಲಲ್ಲೇ ಹೆಚ್ಚು ಸೇರುತ್ತದೆ. ಗೆಣ್ಣಿನ ಆ ಭಾಗ ಹೆಚ್ಚು ಬೆಳೆದು ದಂಟು ಮೇಲಕ್ಕೆ ಬಾಗುತ್ತದೆ. ಬೇರಿನಲ್ಲಿ ಅದೇ ಆಕ್ಸಿನ್ ಬೆಳವಣಿಗೆಯನ್ನು ತಡೆಯುವುದರಿಂದ ಬೇರು ಕೆಳಕ್ಕೆ ಬಾಗುತ್ತದೆ.

ನೀವು ಮಾಡಬೇಕಾದ್ದು

1. ಸೂಲಂಗಿ ಬಾರದ ಎಳೆ ಬೆಳೆ, ದಂಟು ಮುರಿಯದೆ ಮಲಗಿದ್ದರೆ ಕೆಲವು ದಿನ ಬಿಡಿ. ನಿಂತ ನೀರು ಬಸಿದು ಹೋಗುವಂತೆ ಮಾಡಿ. ಗಿಡ ತಾನೇ ಏಳುತ್ತದೆ. ಬುಡ ಡೊಂಕಾಗಿ ಉಳಿದರೂ ಮೇವಿಗೆ ತೊಂದರೆಯಿಲ್ಲ.

2. ಕೈಯಿಂದ ಎತ್ತಿ ನಿಲ್ಲಿಸಲು ಹೋಗಬೇಡಿ. ದಂಟು ಮುರಿಯುತ್ತದೆ, ಉಳಿದ ಬೇರೂ ಕಿತ್ತುಬರುತ್ತದೆ.

3. ಸೂಲಂಗಿ ಬಂದ ಮೇಲೆ ಮಲಗಿದರೆ ಕಾಯಬೇಡಿ. ಬಲಿತ ಗೆಣ್ಣಿಗೆ ಬಾಗುವ ಶಕ್ತಿ ಕಡಿಮೆ. ಕೂಡಲೇ ಕುಯ್ದು ಹಸಿಯಾಗಿ ತಿನ್ನಿಸಿ; ಹೆಚ್ಚಾದದ್ದನ್ನು ರಸಮೇವು ಮಾಡಿ.

4. ದಂಟು ಮುರಿದಿದ್ದರೆ ಯಾವ ವಯಸ್ಸಿನ ಬೆಳೆಯಾದರೂ ಕುಯ್ದು ಬಳಸಿ.

5. ಕೆಸರಿನಲ್ಲಿ ಕೊಳೆತ, ಬೂಷ್ಟು ಹಿಡಿದ ಮೇವನ್ನು ಹಾಕಲೇಬೇಡಿ. ಕೆಲವು ಬೂಷ್ಟುಗಳಲ್ಲಿರುವ ಅಫ್ಲಾಟಾಕ್ಸಿನ್ ವಿಷ ಹಸುವಿನ ಯಕೃತ್ತನ್ನು ಕೆಡಿಸುತ್ತದೆ, ಹಾಲಿಗೂ ಇಳಿಯುತ್ತದೆ. ಆ ಹಾಲು ಕಾಯಿಸಿದರೂ ವಿಷ ಹೋಗುವುದಿಲ್ಲ. ಮೇವು ಉಳಿಸಲು ಹೋಗಿ ಹಸುವಿಗೂ ಮನೆಯ ಮಕ್ಕಳಿಗೂ ಕೇಡು ತಂದುಕೊಳ್ಳಬಾರದು.

ಮುಂದಿನ ಸಲ ತೀರಾ ಒತ್ತಾಗಿ ಬಿತ್ತಬೇಡಿ, ಯೂರಿಯಾವನ್ನು ಮಿತಿಮೀರಿ ಹಾಕಬೇಡಿ. ಸೊಂಪಾಗಿ ಎತ್ತರಕ್ಕೆ ಹೋದ ಬಡಕಲು ದಂಟೇ ಗಾಳಿಗೆ ಮೊದಲು ಬೀಳುವುದು.

ನಂಬಿಕೆ ಬಾರದಿದ್ದರೆ ಕುಂಡದಲ್ಲಿ ನಾಲ್ಕು ಜೋಳದ ಕಾಳು ಮೊಳೆಯಿಸಿ, ಅಡ್ಡ ಮಲಗಿಸಿ, ಕತ್ತಲೆ ಕೋಣೆಯಲ್ಲಿಡಿ. ಮರುದಿನ ಮಕ್ಕಳನ್ನು ಕರೆದು ತೋರಿಸಿ: ಸಸಿ ತಲೆ ಎತ್ತಿರುತ್ತದೆ.