ದೈತ್ಯ ಕಪ್ಪೆಚಿಪ್ಪು: ಮನೆಯಲ್ಲಿ ಸಾಕುವ ಲೆಕ್ಕ

ಕಪ್ಪೆಚಿಪ್ಪು ನಮ್ಮ ಕಡೆಯವರಿಗೆ ಹೊಸದಲ್ಲ. ಕೆರೆ ಬತ್ತಿದಾಗ ಕೆಸರಿನಲ್ಲಿ ಸಿಗುತ್ತದೆ, ಮಕ್ಕಳು ಆರಿಸಿಕೊಂಡು ಬರುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಸೀಪಿ ಅನ್ನುತ್ತೇವೆ. ಅಂಗೈಯಲ್ಲಿ ಹಿಡಿಸುವ ಈ ಚಿಪ್ಪಿಗೆ ಸಮುದ್ರದಲ್ಲಿ ಬಹಳ ದೊಡ್ಡ ನೆಂಟರಿದ್ದಾರೆ. ಅವೇ ದೈತ್ಯ ಕಪ್ಪೆಚಿಪ್ಪುಗಳು. ಅವುಗಳಲ್ಲಿ ಅತಿ ದೊಡ್ಡ ಜಾತಿ ನಾಲ್ಕು ಅಡಿಯವರೆಗೆ ಬೆಳೆಯುತ್ತದೆ, 200 ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ಅಂದರೆ ನಾಲ್ಕು ಮೂಟೆ ಸಿಮೆಂಟಿನ ಭಾರ. ಈಜುವವರ ಕಾಲು ಹಿಡಿದು ಮುಳುಗಿಸುತ್ತದೆ ಎಂಬ ಕಥೆ ಇದೆ, ಅದು ಸುಳ್ಳು. ಪೂರ್ತಿ ಬೆಳೆದ ದೊಡ್ಡ ಚಿಪ್ಪಿಗೆ ಬಾಯಿಯನ್ನು ಸರಿಯಾಗಿ ಮುಚ್ಚಿಕೊಳ್ಳಲೂ ಆಗುವುದಿಲ್ಲ.

ಹವಳದ ದಿಬ್ಬಗಳ ಮೇಲೆ ಬದುಕುವ ಈ ಪ್ರಾಣಿಯನ್ನು ಅನೇಕ ದೇಶಗಳಲ್ಲಿ ಮನೆಯ ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಸಾಕುತ್ತಾರೆ. ಜೆಡ್ಡಾದಲ್ಲಿ ಕೆಲಸ ಮಾಡುವ ನಮ್ಮ ಮಾಮೂ ಅಂಥದೊಂದರ ವಿಡಿಯೋ ಕಳಿಸಿದ್ದರು. ಗಾಜಿನ ತೊಟ್ಟಿಯೊಳಗೆ ನೀಲಿ ಮಖಮಲ್ಲಿನಂಥ ಅಂಚು ಹರಡಿಕೊಂಡು ಕೂತ ಚಿಪ್ಪು. ಅದನ್ನು ನೋಡಿದ ನನ್ನ ತಮ್ಮ, ಈದಿ ದುಡ್ಡು ಕೂಡಿಟ್ಟು ನಾವೂ ಒಂದನ್ನು ತರಿಸೋಣ ಎಂದು ಹಟ ಹಿಡಿದ. ಫೋನಿನಲ್ಲಿ ಮಾರುವವರೂ ಅವನಿಗೆ ಸಿಕ್ಕರು. ಅಬ್ಬು ನನ್ನ ಕಡೆ ತಿರುಗಿ, "ಕಾಮರ್ಸ್ ಓದ್ತಿದ್ದೀಯಲ್ಲ, ಲೆಕ್ಕ ಹಾಕಿ ಹೇಳು" ಎಂದರು. ಆಗ ಓದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಾಣಿಯನ್ನು ಅರ್ಥ ಮಾಡಿಕೊಳ್ಳಲು ನಮ್ಮ ಜಿಲ್ಲೆಯವರಿಗೆ ದೂರದ ಉದಾಹರಣೆ ಬೇಕಾಗಿಲ್ಲ. ಪಾವಗಡದ ತಿರುಮಣಿ ಕಡೆ ಹೋದವರು ಸೋಲಾರ್ ಪಾರ್ಕ್ ನೋಡಿರುತ್ತೀರಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿನ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ ಎಂಬ ಕರಾರು. ದೈತ್ಯ ಚಿಪ್ಪು ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಅದರ ಬಾಯಿಯಂಚಿನಲ್ಲಿ ಬಣ್ಣಬಣ್ಣದ ಮಾಂಸದ ಮಡಿಕೆ ಇರುತ್ತದೆ. ಹಗಲಿನಲ್ಲಿ ಅದನ್ನು ಬಿಸಿಲಿಗೆ ಹರಡಿಕೊಳ್ಳುತ್ತದೆ. ಆ ಮಡಿಕೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಲೆಕ್ಕವಿಲ್ಲದಷ್ಟು ವಾಸ ಮಾಡುತ್ತವೆ. ಪಾಚಿ ಬಿಸಿಲಿನಿಂದ ಸಕ್ಕರೆ ತಯಾರಿಸಿ ಅದರಲ್ಲಿ ದೊಡ್ಡ ಪಾಲನ್ನು ಚಿಪ್ಪಿಗೆ ಕೊಡುತ್ತದೆ. ಚಿಪ್ಪು ತನ್ನ ಮೈಯಿಂದ ಹೊರಬರುವ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡನ್ನು ಪಾಚಿಗೆ ಗೊಬ್ಬರವಾಗಿ ಕೊಡುತ್ತದೆ. ಜಾಗ ಒಬ್ಬರದು, ಉತ್ಪಾದನೆ ಇನ್ನೊಬ್ಬರದು, ಬಾಡಿಗೆ ಸಕ್ಕರೆಯ ರೂಪದಲ್ಲಿ. ಹುಟ್ಟುವಾಗ ಮರಿಯ ಮೈಯಲ್ಲಿ ಈ ಪಾಚಿ ಇರುವುದಿಲ್ಲ. ಪ್ರತಿ ಮರಿಯೂ ಸಮುದ್ರದ ನೀರಿನಿಂದ ತನ್ನ ಬಾಡಿಗೆದಾರರನ್ನು ತಾನೇ ಹುಡುಕಿಕೊಳ್ಳಬೇಕು.

ಇದು ಗುತ್ತಿಗೆಯೋ, ನಾವು ಅಕೌಂಟೆನ್ಸಿಯಲ್ಲಿ ಓದುವ ಪಾಲುದಾರಿಕೆಯೋ ಎಂದು ಕೇಳಿದರೆ, ನನಗೆ ಪಾಲುದಾರಿಕೆ ಎಂದೇ ಅನ್ನಿಸುತ್ತದೆ. ಗುತ್ತಿಗೆಯಲ್ಲಿ ಕಂಪನಿಗೆ ನಷ್ಟವಾದರೂ ರೈತನಿಗೆ ಬಾಡಿಗೆ ಬರಬೇಕು. ಇಲ್ಲಿ ಹಾಗಲ್ಲ, ಲಾಭವೂ ನಷ್ಟವೂ ಇಬ್ಬರದು. ನೀರಿನ ಶಾಖ ಬಹಳ ದಿನ ಹೆಚ್ಚಾಗಿಯೇ ಇದ್ದರೆ ಚಿಪ್ಪು ಪಾಚಿಯನ್ನು ಹೊರಹಾಕಿಬಿಡುತ್ತದೆ, ಮೈಯ ಬಣ್ಣ ಬಿಳಿಚಿಕೊಳ್ಳುತ್ತದೆ. ಅದು ಪಾಲುದಾರಿಕೆಯ ವಿಸರ್ಜನೆ. ಬೇಗ ಮತ್ತೆ ಕೂಡಿಕೊಳ್ಳದಿದ್ದರೆ ಚಿಪ್ಪು ಹಸಿವಿನಿಂದ ಸಾಯುತ್ತದೆ.

ಯೇಲ್ ವಿಶ್ವವಿದ್ಯಾಲಯದ ಆಲಿಸನ್ ಸ್ವೀನಿ ಮತ್ತು ಅವರ ಸಂಗಡಿಗರು 2024ರಲ್ಲಿ ಒಂದು ಸ್ವಾರಸ್ಯದ ಲೆಕ್ಕ ಪ್ರಕಟಿಸಿದರು. ಪೆಸಿಫಿಕ್ ಸಾಗರದ ಪಲಾವ್ ದ್ವೀಪಗಳ ಚಿಪ್ಪುಗಳಲ್ಲಿ ಪಾಚಿಗಳು ನೆಟ್ಟಗೆ ನಿಂತ ಕಂಬಗಳ ಹಾಗೆ ಸಾಲಾಗಿರುತ್ತವೆ. ಮೇಲ್ಪದರದ ಹೊಳೆಯುವ ಕೋಶಗಳು ಬಿಸಿಲನ್ನು ಚದುರಿಸಿ ಕಂಬಗಳ ನಡುವೆ ಇಳಿಸುತ್ತವೆ. ನಾವು ಮೆಚ್ಚುವ ನೀಲಿ, ಹಸಿರು ಹೊಳಪು ಈ ಕೋಶಗಳದೇ. ಬಿಸಿಲಿಗೆ ತಕ್ಕಂತೆ ಮಡಿಕೆ ಹಿಗ್ಗಿ ಕುಗ್ಗುವುದನ್ನೂ ಸೇರಿಸಿದರೆ ಬೆಳಕಿನ ಬಳಕೆ ಶೇ. 67ರವರೆಗೆ ಹೋಗುತ್ತದೆ ಎಂಬುದು ಅವರ ಲೆಕ್ಕ. ಸೋಲಾರ್ ಪ್ಯಾನೆಲ್ಲಿನ ದಕ್ಷತೆಯನ್ನು ಅಳೆಯುವ ವಿಧಾನ ಬೇರೆ, ಆದ್ದರಿಂದ ಎರಡನ್ನೂ ನೇರವಾಗಿ ಹೋಲಿಸಬಾರದು.

ಸಾಕುವವರ ದೃಷ್ಟಿಯಿಂದ ಎಲ್ಲ ಜಾತಿಗಳೂ ಒಂದೇ ಅಲ್ಲ. ಗಿಗಾಸ್ ಎಂಬುದು ಮೊದಲು ಹೇಳಿದ ನಾಲ್ಕು ಅಡಿಯದು. ಅದನ್ನು ಮನೆಗೆ ತರುವುದು ಆನೆಮರಿಯನ್ನು ಹಿತ್ತಿಲಲ್ಲಿ ಕಟ್ಟಿದ ಹಾಗೆ. ಡೆರಾಸಾ ಎರಡು ಅಡಿಯವರೆಗೆ ಬೆಳೆಯುತ್ತದೆ. ಚಿಪ್ಪು ನುಣುಪು, ಸ್ವಭಾವ ಗಟ್ಟಿ. ಹೊಸಬರು ಸಾಮಾನ್ಯವಾಗಿ ಇದರಿಂದಲೇ ಶುರು ಮಾಡುತ್ತಾರೆ. ಸ್ಕ್ವಾಮೋಸಾದ ಚಿಪ್ಪಿನ ಮೇಲೆ ಹೆಂಚು ಹೊದಿಸಿದ ಹಾಗೆ ಎದ್ದು ನಿಂತ ಪದರಗಳಿರುತ್ತವೆ. ಅದಕ್ಕೆ ಬೆಳಕು ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಬಣ್ಣಕ್ಕೆ ಹೆಸರಾದವು ಮ್ಯಾಕ್ಸಿಮಾ ಮತ್ತು ಕ್ರೋಸಿಯಾ. ಕ್ರೋಸಿಯಾ ಎಲ್ಲಕ್ಕಿಂತ ಚಿಕ್ಕದು, ಸುಮಾರು ಆರು ಅಂಗುಲ. ಅದು ಹವಳದ ಕಲ್ಲನ್ನು ಕೊರೆದು ಒಳಗೆ ಕೂರುತ್ತದೆ. ಚಿಕ್ಕದು ಎಂದು ಸುಲಭ ಅಂದುಕೊಳ್ಳಬೇಡಿ. ಈ ಎರಡಕ್ಕೂ ಬೆಳಕು ಅತಿ ಹೆಚ್ಚು ಬೇಕು, ತೊಟ್ಟಿಯಲ್ಲಿ ಬೇಗ ಸಾಯುವುದೂ ಇವೇ. ಹಿಪ್ಪೋಪಸ್ ಎಂಬುದು ಕಲ್ಲಿಗೆ ಅಂಟದೆ ಮರಳಿನ ಮೇಲೆ ಕೂರುವ ಜಾತಿ.

ಇನ್ನು ಅಬ್ಬು ಕೇಳಿದ ಲೆಕ್ಕ. ಬೆಲೆ ಅಂಗಡಿಗೊಂದು ರೀತಿ ಇರುವುದರಿಂದ ಪ್ರಮಾಣದಲ್ಲೇ ಹೇಳುತ್ತೇನೆ. 200 ಲೀಟರಿನ ತೊಟ್ಟಿ ಎಂದಿಟ್ಟುಕೊಳ್ಳಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಂದರೆ ಮೊದಲ ದಿನವೇ 7 ಕೆ.ಜಿ. ಉಪ್ಪು ಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೆರೆಸಿದ ಅಕ್ವೇರಿಯಂ ಉಪ್ಪೇ ಆಗಬೇಕು. ಹದಿನೈದು ದಿನಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿದರೆ ತಿಂಗಳಿಗೆ ಇನ್ನೂ 1.4 ಕೆ.ಜಿ. ಉಪ್ಪು.

ನೀರಿನ ವಿಷಯಕ್ಕೆ ಬಂದರೆ, ನಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಚಿಪ್ಪು ಕಟ್ಟಿಕೊಳ್ಳಲು ಅದೇ ಬೇಕಲ್ಲವೇ ಎಂದು ತಮ್ಮ ವಾದಿಸಿದ. ವಾದ ಚೆನ್ನಾಗಿಯೇ ಇದೆ. ಆದರೆ ಪಾವಗಡ, ಮಧುಗಿರಿ, ಶಿರಾ ಕಡೆಯ ನೀರಿನಲ್ಲಿ ಕ್ಯಾಲ್ಸಿಯಂ ಜೊತೆಗೆ ಫ್ಲೋರೈಡ್, ನೈಟ್ರೇಟ್ ಎಲ್ಲ ಸೇರಿವೆ. ಫ್ಲೋರೈಡ್ ನಮ್ಮವರ ಹಲ್ಲು, ಮೂಳೆಗೆ ಏನು ಮಾಡಿದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಆದ್ದರಿಂದ ಶುದ್ಧೀಕರಿಸಿದ ನೀರೇ ಬೇಕು. ದಿನಕ್ಕೆ ಮೂರು ಲೀಟರ್ ಆವಿಯಾಗುತ್ತದೆ ಎಂದರೂ ಬದಲಿಸುವ ನೀರು ಸೇರಿ ತಿಂಗಳಿಗೆ 130 ಲೀಟರ್, ಅಂದರೆ ಏಳು ಕ್ಯಾನ್. ದುಡ್ಡಿನಲ್ಲಿ ಇದು ದೊಡ್ಡದಲ್ಲ. ಬೇಸಿಗೆಯಲ್ಲಿ ಘಟಕದ ಮುಂದೆ ಕ್ಯಾನ್ ಸಾಲು ರಸ್ತೆಯವರೆಗೆ ಬಂದಾಗ, ಚಿಪ್ಪಿಗೆ ಎಂದು ಎರಡು ಕ್ಯಾನ್ ಹೆಚ್ಚು ಇಡಲು ನಮ್ಮ ಅಮ್ಮಿಗೆ ಮುಖ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ನಿಜವಾದ ಖರ್ಚು ಕರೆಂಟಿನದು. ಪಾಚಿಗೆ ಬಿಸಿಲು ಬೇಕು, ಆದರೆ ತೊಟ್ಟಿಯನ್ನು ಬಿಸಿಲಿಗೆ ಇಡುವಂತಿಲ್ಲ, ನೀರು ಕಾಯುತ್ತದೆ. ಹಾಗಾಗಿ 100 ವ್ಯಾಟಿನ ಎಲ್‌ಇಡಿ ದೀಪ ದಿನಕ್ಕೆ 10 ಗಂಟೆ: 1 ಯೂನಿಟ್. 50 ವ್ಯಾಟಿನ ಪಂಪುಗಳು ಹಗಲೂ ರಾತ್ರಿ: 1.2 ಯೂನಿಟ್. ನೀರು 25ರಿಂದ 27 ಡಿಗ್ರಿಯಲ್ಲೇ ಇರಬೇಕು. ಏಪ್ರಿಲ್‌ನಲ್ಲಿ ನಮ್ಮ ಊರು 38ರ ಆಸುಪಾಸು ಇರುತ್ತದೆ, ಚಿಲ್ಲರ್ ಇಲ್ಲದೆ ಆಗುವುದಿಲ್ಲ. 200 ವ್ಯಾಟಿನದು 12 ಗಂಟೆ ಓಡಿದರೆ 2.4 ಯೂನಿಟ್. ಒಟ್ಟು ದಿನಕ್ಕೆ 4.6, ತಿಂಗಳಿಗೆ 138 ಯೂನಿಟ್.

ಈಗ ಗೃಹಜ್ಯೋತಿ ಲೆಕ್ಕ ನೋಡಿ. ಸರಾಸರಿ 70 ಯೂನಿಟ್ ಬಳಸುವ ಮನೆಗೆ ಶೇ. 10 ಸೇರಿಸಿ 77 ಯೂನಿಟ್ ಉಚಿತ. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. ಆದರೆ 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. 70 ಮತ್ತು 138 ಸೇರಿದರೆ 208. ಎಂಟು ಯೂನಿಟ್ಟಿಗಾಗಿ ಇಡೀ ಮನೆಯ ಉಚಿತ ವಿದ್ಯುತ್ ಹೋಗುತ್ತದೆ. ಈ ಸಾಲನ್ನು ಓದಿದಾಗ ಅಬ್ಬು ಕನ್ನಡಕ ತೆಗೆದು ತಮ್ಮನನ್ನು ನೋಡಿದರು.

ಇಷ್ಟೆಲ್ಲ ಮಾಡಿದರೂ ಮಧ್ಯಾಹ್ನ ಮೂರು ಗಂಟೆ ಕರೆಂಟ್ ಹೋದರೆ ಪಂಪು ನಿಂತು ಆಮ್ಲಜನಕ ಇಳಿಯುತ್ತದೆ, ನೀರು ಕಾಯತೊಡಗುತ್ತದೆ. ಚಿಪ್ಪು ಸವಕಳಿ ಹಾಕುವ ಆಸ್ತಿಯಲ್ಲ, ವರ್ಷ ವರ್ಷ ಬೆಳೆಯುವ ಆಸ್ತಿ. ಆದರೆ ಸತ್ತರೆ ಅದರ ಪುಸ್ತಕದ ಬೆಲೆ ಒಂದೇ ದಿನದಲ್ಲಿ ಸೊನ್ನೆ, ಕೊಳೆತ ಮಾಂಸದಿಂದ ತೊಟ್ಟಿಯ ಉಳಿದ ಜೀವಗಳಿಗೂ ಅಪಾಯ.

ಖರ್ಚನ್ನು ಹೇಗೋ ಹೊಂದಿಸಬಹುದು ಎನ್ನುವವರೂ ಇರುತ್ತಾರೆ. ಅವರು ಕಾನೂನನ್ನು ನೋಡಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೇ ಅನುಸೂಚಿಗೆ 2001ರಲ್ಲಿ ಮ್ಯಾಕ್ಸಿಮಾ, ಸ್ಕ್ವಾಮೋಸಾ ಮತ್ತು ಹಿಪ್ಪೋಪಸ್ ಸೇರಿದವು. ದಿಬ್ಬ ಕಟ್ಟುವ ಹವಳಗಳೂ ಸೇರಿದವು. ಹುಲಿ ಇರುವ ಅನುಸೂಚಿಯೇ ಅದು. ಶಿಕ್ಷೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಪಲಾವ್‌ನಂಥ ಕಡೆ 1970ರ ದಶಕದಿಂದ ಈ ಚಿಪ್ಪುಗಳನ್ನು ಕೃಷಿ ಮಾಡುತ್ತಾರೆ, ಅಲ್ಲಿ ಹುಟ್ಟಿದ ಮರಿಗಳು ನಾನಾ ದೇಶಗಳಿಗೆ ಹೋಗುತ್ತವೆ. ಅವುಗಳ ಸಾಗಾಟಕ್ಕೂ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪರವಾನಗಿ ಬೇಕು. ಅಂಥ ಜೀವಿಯನ್ನು ಇಟ್ಟುಕೊಂಡವರು ನಮ್ಮ ದೇಶದಲ್ಲಿ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ತಮ್ಮನಿಗೆ ಸಿಕ್ಕ ಮಾರಾಟಗಾರನಿಗೆ ಪರವಾನಗಿಯ ಪ್ರತಿ ಕಳಿಸಿ ಎಂದು ಕೇಳಿದೆವು. ಆಮೇಲೆ ಅವನಿಂದ ಉತ್ತರವೇ ಇಲ್ಲ. ಮಾರುವವನಿಗೇ ಹಕ್ಕಿಲ್ಲದ ಮಾಲನ್ನು ಕೊಂಡರೆ ನಮ್ಮ ಕೈಗೆ ಬರುವುದು ಮಾಲಲ್ಲ, ಮೊಕದ್ದಮೆ.

ಕಾನೂನು ಇಷ್ಟು ಬಿಗಿ ಏಕೆ ಎಂಬುದಕ್ಕೆ ಉತ್ತರ ಈ ಪ್ರಾಣಿಯ ಬದುಕಿನಲ್ಲೇ ಇದೆ. ದೊಡ್ಡದಾದ ಮೇಲೆ ಅದು ಇದ್ದ ಜಾಗ ಬಿಟ್ಟು ಹೋಗುವುದಿಲ್ಲ. ಮೊಟ್ಟೆ, ವೀರ್ಯಗಳನ್ನು ನೀರಿಗೆ ಬಿಡುತ್ತದೆ, ಅವು ಅಲ್ಲಿಯೇ ಕೂಡಬೇಕು. ಅಕ್ಕಪಕ್ಕದ ಚಿಪ್ಪುಗಳನ್ನು ಕಿತ್ತುಕೊಂಡು ಹೋದರೆ ಉಳಿದ ಒಂಟಿ ಚಿಪ್ಪು ಕೋಟಿಗಟ್ಟಲೆ ಮೊಟ್ಟೆ ಬಿಟ್ಟರೂ ಅವು ಬಹುಪಾಲು ವ್ಯರ್ಥ.

ನಮಗೆ ಹತ್ತಿರದಲ್ಲಿ ಇವು ಬದುಕಿರುವುದು ಲಕ್ಷದ್ವೀಪದಲ್ಲಿ. ಅಲ್ಲಿನ ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಒಂದು ಕಾಲಕ್ಕೆ ಟಿಪ್ಪು ಸುಲ್ತಾನರ ಆಡಳಿತದಲ್ಲಿದ್ದವು. 1799ರ ನಂತರ ಕಂಪನಿಯ ಕೈಗೆ ಹೋಗಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದಲೇ ಆಳಿಸಿಕೊಂಡವು. ಅದೇ ದ್ವೀಪಸಮೂಹದ ಅಗತ್ತಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಡಾ. ದೀಪಕ್ ಆಪ್ಟೆ ಈ ಚಿಪ್ಪುಗಳ ಅಧ್ಯಯನ ಮತ್ತು ರಕ್ಷಣೆಗಾಗಿ ದ್ವೀಪದ ಜನರ ಜೊತೆಗೂಡಿ ಕೆಲಸ ಮಾಡಿದರು.

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿದೆ, ಹೋಗಲು ಪರ್ಮಿಟ್ ಬೇಕು. ಅಲ್ಲಿನ ಲಗೂನಿನ ತಿಳಿನೀರಿನಲ್ಲಿ ಮ್ಯಾಕ್ಸಿಮಾ ಬಾಯಿ ತೆರೆದು ಕೂತಿರುತ್ತದೆ. ನಮ್ಮ ನೆರಳು ಬಿದ್ದರೆ ಸಾಕು, ಮಡಿಕೆಯನ್ನು ಒಳಗೆಳೆದುಕೊಳ್ಳುತ್ತದೆ. ಕಾನೂನು ಸತ್ತ ಚಿಪ್ಪಿಗೂ ಅನ್ವಯಿಸುತ್ತದೆ. ದಡದಲ್ಲಿ ಖಾಲಿ ಬಿದ್ದ ಚಿಪ್ಪು ಎಷ್ಟೇ ಚೆಂದ ಇದ್ದರೂ ಶೋಕೇಸಿಗೆಂದು ಬ್ಯಾಗಿಗೆ ಹಾಕಿಕೊಳ್ಳಬೇಡಿ.