ಹಾಡು ಹಿಡಿಯುವ ಲ್ಯಾಪ್‌ಟಾಪ್: ಮಸಿನಗುಡಿಯ ಮನೆಗೆ ಯಾವುದು ಸರಿ?

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕೆಂದು ಲ್ಯಾಪ್‌ಟಾಪ್ ಕೊಳ್ಳಲು ಹೋದವರ ಮುಂದೆ ಅಂಗಡಿಯವರು ಮೊದಲು ತಂದಿಡುವುದು ಗೇಮಿಂಗ್ ಮಾಡೆಲನ್ನು. ಕೀಬೋರ್ಡಿನಲ್ಲಿ ಬಣ್ಣದ ದೀಪ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ‘ಎಡಿಟಿಂಗ್‌ಗೆ ಇದೇ ಬೆಸ್ಟ್ ಸರ್’ ಎಂಬ ಭರವಸೆ. ವಿಡಿಯೊ ಮಾಡುವವರಿಗೆ ಆ ಮಾತು ನಿಜ. ಹಾಡಿನ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡಿನಿಂದ ಏನೂ ಆಗಬೇಕಾದ್ದಿಲ್ಲ. ಅದು ಬಿಸಿಯಾಗುತ್ತದೆ, ಬಿಸಿ ಇಳಿಸಲು ಫ್ಯಾನ್ ಜೋರಾಗಿ ತಿರುಗುತ್ತದೆ, ಆ ಸದ್ದು ನೇರವಾಗಿ ಮೈಕಿಗೆ ಬೀಳುತ್ತದೆ. ಕೊಟ್ಟ ದುಡ್ಡು ಹಾಡಿಗೇ ಮುಳುವಾಗುತ್ತದೆ.

ಮಸಿನಗುಡಿ, ಬೊಕ್ಕಾಪುರ, ಮಾವನಹಳ್ಳದ ಕಡೆಯ ಮನೆಗಳಲ್ಲಿ ಹಿಡಿಯಬೇಕಾದ ಹಾಡು ಬೇಕಾದಷ್ಟಿದೆ. ಅಜ್ಜಿಯಂದಿರ ಮದುವೆ ಪದಗಳು, ಇರುಳರ ಕುಣಿತದ ತಾಳ, ಬಡಗರ ಹಾಡುಗಳು, ಮಾರಿಯಮ್ಮನ ಜಾತ್ರೆಯ ತಮಟೆ. ಅವುಗಳ ಜೊತೆಗೆ ತಮ್ಮದೇ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕುವ ಹುಡುಗರೂ ಇದ್ದಾರೆ. ಈ ಮನೆಗಳಿಗೆ ಬೆಂಗಳೂರಿನ ಸ್ಟುಡಿಯೊದವರು ಕೊಡುವ ಸಲಹೆ ಹಾಗೇ ಹೊಂದುವುದಿಲ್ಲ. ಇಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎನ್ನಲಾಗದು. ಕೆಟ್ಟರೆ ರಿಪೇರಿಗೆ ಕಲ್ಹಟ್ಟಿ ಘಾಟಿನ 36 ತಿರುವು ಹತ್ತಿ ಊಟಿಗೆ ಹೋಗಬೇಕು, ಇಲ್ಲವೆ ಬಂಡೀಪುರ ದಾಟಿ ಮೈಸೂರಿಗೆ. ಆದ್ದರಿಂದ ಇಲ್ಲಿಯವರು ಲ್ಯಾಪ್‌ಟಾಪಿನಲ್ಲಿ ಮೊದಲು ನೋಡಬೇಕಾದದ್ದು ವೇಗವಲ್ಲ. ಮೌನ, ಬ್ಯಾಟರಿ, ಸುಲಭದ ರಿಪೇರಿ, ಈ ಮೂರು. ವೇಗದ ಲೆಕ್ಕ ಅದರ ನಂತರ.

ಮೊದಲು ನಿಮ್ಮ ಕೆಲಸ ಯಾವುದೆಂದು ತಿಳಿಯಿರಿ

ಮನೆ ರೆಕಾರ್ಡಿಂಗ್‌ನಲ್ಲಿ ಎರಡು ಬಗೆ. ಒಂದು, ಮೈಕ್ ಇಟ್ಟು ಕಂಠ, ಕೊಳಲು, ತಮಟೆ, ಗಿಟಾರ್ ಹಿಡಿಯುವುದು. ಇನ್ನೊಂದು, ಕೀಬೋರ್ಡ್ ಒತ್ತಿ ಲ್ಯಾಪ್‌ಟಾಪಿನ ಒಳಗಿರುವ ವೀಣೆ, ಪಿಟೀಲು, ತಬಲಾ ಸ್ವರಗಳನ್ನು ನುಡಿಸುವುದು. ಖರ್ಚನ್ನು ನಿರ್ಧರಿಸುವುದು ಈ ವ್ಯತ್ಯಾಸವೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮೈಕಿನ ದನಿ ಲ್ಯಾಪ್‌ಟಾಪಿನ ಒಳಹೊಕ್ಕು ಹೆಡ್‌ಫೋನಿಗೆ ಮರಳಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ಇದಕ್ಕೆ ಲೇಟೆನ್ಸಿ ಎನ್ನುತ್ತಾರೆ. ಲ್ಯಾಪ್‌ಟಾಪ್ ದನಿಯನ್ನು ಕಂತು ಕಂತಾಗಿ ತೆಗೆದುಕೊಳ್ಳುತ್ತದೆ. ಆ ಕಂತಿನ ಹೆಸರು ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 256ರ ಬಫರ್ ಎಂದರೆ 5.3 ಮಿಲಿಸೆಕೆಂಡ್, 1024 ಎಂದರೆ 21 ಮಿಲಿಸೆಕೆಂಡ್. ಒಳಬರುವಾಗ ಒಮ್ಮೆ, ಹೊರಹೋಗುವಾಗ ಇನ್ನೊಮ್ಮೆ. ಹಾಡುವವರಿಗೆ ತಮ್ಮ ದನಿಯೇ ತಡವಾಗಿ ಕೇಳಿದರೆ ತಾಳ ತಪ್ಪುತ್ತದೆ. ಬಫರ್ ಇಳಿಸಿದರೆ ಪ್ರೊಸೆಸರ್ ಮೇಲೆ ಒತ್ತಡ ಬಿದ್ದು, ತಾಕತ್ತಿಲ್ಲದ ಲ್ಯಾಪ್‌ಟಾಪಿನಲ್ಲಿ ಹಾಡಿನ ನಡುವೆ ‘ಟಪ್ ಟಪ್’ ಸದ್ದು ಬರುತ್ತದೆ.

ಮೊದಲ ಬಗೆಯ ಕೆಲಸಕ್ಕೆ ಈ ತೊಂದರೆಯಿಂದ ಪಾರಾಗುವ ದಾರಿ ಸುಲಭ. ಮೈಕ್ ಸಿಕ್ಕಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಗಳಲ್ಲಿ ‘ಡೈರೆಕ್ಟ್ ಮಾನಿಟರ್’ ಎಂಬ ಗುಂಡಿ ಇರುತ್ತದೆ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಒಂದು ಉದಾಹರಣೆ. ಅದನ್ನು ಒತ್ತಿದರೆ ಹಾಡುವವರ ದನಿ ಲ್ಯಾಪ್‌ಟಾಪಿಗೆ ಹೋಗಿ ಬರುವ ಮೊದಲೇ ಹೆಡ್‌ಫೋನಿಗೆ ಸಿಗುತ್ತದೆ. ಬಫರನ್ನು ಎಷ್ಟು ದೊಡ್ಡದಿಟ್ಟರೂ ಚಿಂತೆಯಿಲ್ಲ. ಅಂದರೆ ಕಂಠ ಮತ್ತು ನಿಜವಾದ ವಾದ್ಯ ಮಾತ್ರ ಹಿಡಿಯುವವರಿಗೆ ಕೆಲವು ವರ್ಷ ಹಳೆಯ ಐ5 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್ ಧಾರಾಳವಾಗಿ ಸಾಕು.

ಎರಡನೆಯ ಬಗೆಗೆ ಈ ಗುಂಡಿ ನೆರವಾಗದು, ಏಕೆಂದರೆ ಸ್ವರ ಹುಟ್ಟುವುದೇ ಲ್ಯಾಪ್‌ಟಾಪಿನ ಒಳಗೆ. ಅಲ್ಲಿ ಹೊಸ ಪ್ರೊಸೆಸರ್, 16 ಜಿಬಿ ರ‍್ಯಾಮ್ ಬೇಕೇ ಬೇಕು.

ಪ್ರೊಸೆಸರ್, ರ‍್ಯಾಮ್, ಡಿಸ್ಕ್

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ. ‘ಯು’ ಇದ್ದರೆ ಕಡಿಮೆ ವಿದ್ಯುತ್ತಿನದು, ತಣ್ಣಗಿರುತ್ತದೆ, ಬ್ಯಾಟರಿ ಬಾಳುತ್ತದೆ. ‘ಎಚ್’ ಇದ್ದರೆ ಬಲ ಹೆಚ್ಚು, ಬಿಸಿಯೂ ಹೆಚ್ಚು. ಇಂಟೆಲ್ ಆಗಲಿ ಎಎಂಡಿ ರೈಜೆನ್ ಆಗಲಿ, ಈ ಭಾಗದ ಮನೆಗಳಿಗೆ ನಾನು ‘ಯು’ ಸರಣಿಯನ್ನೇ ಹೇಳುತ್ತೇನೆ. ಡಿಸ್ಕ್ ಎಸ್‌ಎಸ್‌ಡಿ ಆಗಿರಲಿ, 512 ಜಿಬಿ ಇರಲಿ. ತಿರುಗುವ ಹಾರ್ಡ್ ಡಿಸ್ಕ್ ನಿಧಾನ, ಮೇಲಾಗಿ ಅದಕ್ಕೂ ತನ್ನದೇ ಸದ್ದಿದೆ. ಜಾಗದ ಲೆಕ್ಕ ಹೀಗಿದೆ: 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಒಂದು ಮೈಕಿನ ಒಂದು ನಿಮಿಷಕ್ಕೆ ಸುಮಾರು 8.6 ಎಂಬಿ. ಎಂಟು ಟ್ರ್ಯಾಕ್‌ಗಳ ಒಂದು ಗಂಟೆಗೆ 4 ಜಿಬಿಗಿಂತ ತುಸು ಹೆಚ್ಚು.

ಕ್ರೋಮ್‌ಬುಕ್ ಈ ಕೆಲಸಕ್ಕೆ ಬೇಡ. ಸ್ನ್ಯಾಪ್‌ಡ್ರಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಗಟ್ಟಿಗ. ಆದರೆ ನೀವು ಕೊಳ್ಳುವ ಇಂಟರ್‌ಫೇಸಿಗೆ ಅದರ ಡ್ರೈವರ್ ಇದೆಯೇ ಎಂದು ಇಂಟರ್‌ಫೇಸ್ ಕಂಪನಿಯಿಂದಲೇ ಖಚಿತಪಡಿಸಿಕೊಳ್ಳದೆ ಕೈಹಾಕಬೇಡಿ.

ಮೌನದ ವಿಚಾರದಲ್ಲಿ ಮ್ಯಾಕ್‌ಬುಕ್ ಏರ್‌ಗೆ ಸಾಟಿಯಿಲ್ಲ. 2020ರ ನವೆಂಬರಿನಲ್ಲಿ ಬಂದ ಎಂ1 ಮಾದರಿಯಿಂದ ಈಚೆಗೆ ಅದರಲ್ಲಿ ಫ್ಯಾನೇ ಇಲ್ಲ. ಗ್ಯಾರೇಜ್‌ಬ್ಯಾಂಡ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕೊರತೆಯೆಂದರೆ ರ‍್ಯಾಮ್, ಡಿಸ್ಕ್ ಎರಡನ್ನೂ ಮುಂದೆ ಹೆಚ್ಚಿಸಲಾಗದು, ರಿಪೇರಿ ದುಬಾರಿ. ಒಮ್ಮೆಗೇ ದುಡ್ಡು ಹೂಡಬಲ್ಲವರು, ಕೋಣೆ ಒಂದೇ ಇರುವವರು ಇದನ್ನು ಕೊಳ್ಳಲಿ.

ಕಡಿಮೆ ದುಡ್ಡಿದ್ದರೆ

ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಮೈಸೂರು, ಕೊಯಮತ್ತೂರಿನ ಅಂಗಡಿಗಳಲ್ಲಿ ಸಿಗುತ್ತವೆ. ಇಂಥ ಊರಿಗೆ ಇವು ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉದಾಹರಣೆಗೆ 2018ರ ಲೆನೊವೊ ಥಿಂಕ್‌ಪ್ಯಾಡ್ ಟಿ480. ಅದರಲ್ಲಿ ಎರಡು ಬ್ಯಾಟರಿ: ಒಂದು ಒಳಗೆ, ಇನ್ನೊಂದು ಹಿಂಬದಿಯಲ್ಲಿ. ಹಿಂಬದಿಯದನ್ನು ಲ್ಯಾಪ್‌ಟಾಪ್ ಆರಿಸದೆಯೇ ಕೈಯಲ್ಲಿ ತೆಗೆದು ಹಾಕಬಹುದು. ರ‍್ಯಾಮ್‌ಗೆ ಎರಡು ಸ್ಲಾಟ್. ಒಂದು ಸ್ಕ್ರೂಡ್ರೈವರ್ ಇದ್ದರೆ ಫ್ಯಾನಿನ ದೂಳು ಮನೆಯಲ್ಲೇ ತೆಗೆಯಬಹುದು.

ಹಳೆಯದು ಕೊಳ್ಳುವಾಗ ಒಂದು ಗೆರೆ ದಾಟಬೇಡಿ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಸರಿಯಾಗಿ ಕೂರಬೇಕಾದರೆ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರು ಅಥವಾ ಈಚಿನದಿರಬೇಕು. ಐ5-8250ಯು ಎಂದಿದ್ದರೆ ಎಂಟನೆಯದು, ಐ5-7200ಯು ಎಂದಿದ್ದರೆ ಏಳನೆಯದು. ಏಳನೆಯದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ.

ಬ್ಯಾಟರಿಯ ನಿಜ ಸ್ಥಿತಿ ತಿಳಿಯಲು ವಿಂಡೋಸ್‌ನಲ್ಲೇ ‘ಬ್ಯಾಟರಿ ರಿಪೋರ್ಟ್’ ತೆಗೆಯಬಹುದು. ಅಂಗಡಿಯವರಿಗೆ ಅದು ಗೊತ್ತಿರುತ್ತದೆ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’, ‘ಫುಲ್ ಚಾರ್ಜ್ ಕೆಪಾಸಿಟಿ’ ಎಂದು ಎರಡು ಅಂಕಿ ಇರುತ್ತವೆ. ಎರಡನೆಯದು ಮೊದಲನೆಯದರ ಶೇ 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಇಳಿಸಿಕೊಳ್ಳಿ.

ಕೈಯಲ್ಲಿ 60,000 ರೂಪಾಯಿ ಇದೆ ಎನ್ನಿ. ಲ್ಯಾಪ್‌ಟಾಪಿಗೆ 35,000 ದಾಟಬೇಡಿ. ಉಳಿದದ್ದು ಇಂಟರ್‌ಫೇಸ್, ಮೈಕ್, ಸ್ಟ್ಯಾಂಡ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಮತ್ತು ಹೊರಗಿನ ಹಾರ್ಡ್ ಡಿಸ್ಕ್‌ಗೆ ಬೇಕು. ಒಳ್ಳೆಯ ಲ್ಯಾಪ್‌ಟಾಪಿಗೆ ಕೆಟ್ಟ ಮೈಕ್ ಹಾಕಿದರೆ ಸಿಗುವುದು ಕೆಟ್ಟ ದನಿಯೇ.

ಅಂಗಡಿಯಲ್ಲಿ ಕಿವಿಯಿಟ್ಟು ನೋಡುವುದು

ಮನೆಯಿಂದ ಹೊರಡುವ ಮೊದಲು ಒಂದು ಪೆನ್‌ಡ್ರೈವ್‌ನಲ್ಲಿ ರೀಪರ್ ತಂತ್ರಾಂಶದ ‘ಪೋರ್ಟಬಲ್’ ಪ್ರತಿಯನ್ನು ಹಾಕಿಕೊಳ್ಳಿ. ಇದನ್ನು ಲ್ಯಾಪ್‌ಟಾಪಿಗೆ ಸೇರಿಸದೆಯೇ ಪೆನ್‌ಡ್ರೈವ್‌ನಿಂದ ಓಡಿಸಬಹುದು, 60 ದಿನ ಪರೀಕ್ಷಾರ್ಥ ಬಳಕೆಗೆ ದುಡ್ಡಿಲ್ಲ. ಜೊತೆಗೆ ಹತ್ತು ಹನ್ನೆರಡು ಟ್ರ್ಯಾಕ್‌ಗಳ ಒಂದು ಹಾಡು, ಪ್ರತಿ ಟ್ರ್ಯಾಕಿಗೂ ಎಕೋ ಹಾಕಿದ್ದು.

ಅಂಗಡಿಯಲ್ಲಿ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಆ ಹಾಡು ಹತ್ತು ನಿಮಿಷ ಓಡಲಿ. ಸ್ಪೀಕರ್ ಮ್ಯೂಟ್ ಮಾಡಿ. ಅಷ್ಟು ಹೊತ್ತಿನಲ್ಲಿ ಒಳಗೆ ಬಿಸಿಯೇರಿ ಫ್ಯಾನ್ ತನ್ನ ನಿಜವಾದ ದನಿ ತೋರಿಸುತ್ತದೆ. ಪರದೆ ಮಡಚುವ ಕೀಲಿನ ಹತ್ತಿರ ಕಿವಿಯಿಡಿ. ಒಂದೇ ಸಮನಾದ ‘ಹುಸ್’ ಸದ್ದಾದರೆ ಲ್ಯಾಪ್‌ಟಾಪನ್ನು ದೂರವಿಟ್ಟು ನಿಭಾಯಿಸಬಹುದು. ‘ಕೀ’ ಎಂದು ಎಳೆಯುವ ಸಣ್ಣ ಸದ್ದಿದ್ದರೆ ಅಥವಾ ಫ್ಯಾನ್ ಏರುತ್ತ ಇಳಿಯುತ್ತ ಇದ್ದರೆ ಬೇಡವೆನ್ನಿ. ಅದನ್ನು ಆಮೇಲೆ ಯಾವ ತಂತ್ರಾಂಶದಿಂದಲೂ ಚೊಕ್ಕವಾಗಿ ತೆಗೆಯಲಾಗದು. ಅಂಗಡಿಯ ಗದ್ದಲದಲ್ಲಿ ಏನೂ ಕೇಳದಿದ್ದರೆ ಒಳಗಿನ ಕೋಣೆಗೆ ಒಯ್ಯಲು ಕೇಳಿ. ಕೊಳ್ಳುವವರು ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ.

ಹೊಸದಾದರೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟ ನೋಡಿ: ಎಷ್ಟು ಸ್ಲಾಟ್, ಎಷ್ಟು ಖಾಲಿ. ‘ರೋ ಆಫ್ ಚಿಪ್ಸ್’ ಎಂದಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸೆದದ್ದು. ಯುಎಸ್‌ಬಿ ಕಿಂಡಿ ಕನಿಷ್ಠ ಎರಡಿರಲಿ. ‘ಆನ್‌ಸೈಟ್ ವಾರಂಟಿ’ ಎಂದರೆ ನಿಮ್ಮ ಪಿನ್ ಕೋಡ್ ಹೇಳಿ, ಅಲ್ಲಿಗೆ ಬರುತ್ತಾರೆಯೇ ಎಂದು ಕಂಪನಿಯ ಸಹಾಯವಾಣಿಗೇ ಕೇಳಿ. ಜಿಎಸ್‌ಟಿ ಬಿಲ್ ಇಲ್ಲದೆ ಹೊರಡಬೇಡಿ. ಮೈಸೂರಿಗೆ ಹೋದವರು ಪರೀಕ್ಷೆಗೆಂದು ಬೆಳಿಗ್ಗೆಯೇ ಅಂಗಡಿ ಸೇರಿಕೊಳ್ಳಿ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ, ಆತುರದಲ್ಲಿ ಆರಿಸಿದರೆ ಅನುಭವಿಸಬೇಕಾದವರು ನೀವು.

ಮನೆಗೆ ತಂದ ಮೇಲೆ

ಸಿಂಗಾರದ ವಿದ್ಯುದಾಗಾರ ಪೈಕಾರದ ನೀರಿನಿಂದ 1932ರಿಂದ ಕರೆಂಟು ಕೊಡುತ್ತ ಬಂದಿದೆ, ಅದೂ ಮಸಿನಗುಡಿಯ ಮಗ್ಗುಲಲ್ಲೇ. ಆದರೂ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ನಮ್ಮ ಮನೆಗಳು ಕತ್ತಲೆ. ರೆಕಾರ್ಡಿಂಗಿಗೆ ಡೆಸ್ಕ್‌ಟಾಪ್ ಬೇಡ, ಲ್ಯಾಪ್‌ಟಾಪೇ ಇರಲಿ ಎನ್ನುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಗುಂಯ್ ಸದ್ದು. ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಮೂಲಕ 50 ಹರ್ಟ್ಜ್‌ನ ಗುಂಯ್‌ಗುಡುವಿಕೆ ದನಿಯಲ್ಲಿ ಸೇರುತ್ತದೆ. ರೆಕಾರ್ಡ್ ಮಾಡುವಾಗ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಂತೆ. ಮೂರು ಪಿನ್ನಿನ ಪ್ಲಗ್ ಬಿಟ್ಟು ಎರಡು ಪಿನ್ನಿನ ಜೋಡಣೆಗೆ ಇಳಿಯಬೇಡಿ, ಅರ್ತಿಂಗ್ ಸರಿಮಾಡಿಸಿ. ಗುಡುಗು ಕೇಳಿದ ಕೂಡಲೇ ಗೋಡೆಯಿಂದ ಪ್ಲಗ್ ತೆಗೆಯಿರಿ.

ಹಾಡುವವರ ಬಾಯಿಗೂ ಮೈಕಿಗೂ ಒಂದು ಗೇಣು, ಮೈಕಿಗೂ ಲ್ಯಾಪ್‌ಟಾಪಿಗೂ ಎರಡು ಮಾರು. ದೂರ ಇಮ್ಮಡಿಯಾದಾಗಲೆಲ್ಲ ಬಯಲಲ್ಲಿ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗೆ ಬಡಿದು ಮರಳುವುದರಿಂದ ಅಷ್ಟು ಸಿಗದು, ಆದರೂ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಇದಕ್ಕೆ ಯುಎಸ್‌ಬಿ ವೈರ್ ಉದ್ದ ಮಾಡಬೇಡಿ, ಮೈಕಿನ ವೈರ್ ಉದ್ದದ್ದು ತನ್ನಿ. ಹತ್ತು ಮೀಟರಾದರೂ ದನಿ ಕೆಡುವುದಿಲ್ಲ. ಮೈಕ್ ಕೂಡ ಡೈನಾಮಿಕ್ ಬಗೆಯದಿರಲಿ. ಕಂಡೆನ್ಸರ್ ಮೈಕ್ ಸೂಕ್ಷ್ಮ ನಿಜ, ಆದರೆ ಅದು ಸಂಜೆಯ ಜೀರುಂಡೆ, ನವಿಲಿನ ಕೇಕೆ, ಸಫಾರಿ ಜೀಪು ಎಲ್ಲವನ್ನೂ ಹಾಡಿನ ಜೊತೆ ಹಿಡಿದಿಡುತ್ತದೆ.

ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ ಹಾಕಿ. ರೆಕಾರ್ಡ್ ಮಾಡುವಾಗ ವೈಫೈ ಆರಿಸಿ. ‘ಟಪ್ ಟಪ್’ ಸದ್ದಿಗೆ ಎಷ್ಟೋ ಸಲ ವೈಫೈ ಡ್ರೈವರೇ ಕಾರಣ. ಆಗಲೂ ನಿಲ್ಲದಿದ್ದರೆ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಯಾವ ಡ್ರೈವರ್ ತಡೆಯುತ್ತಿದೆಯೆಂದು ಹೆಸರು ಹೇಳಿಬಿಡುತ್ತದೆ. ಬರಿಯ ಕಂಠಕ್ಕೆ ಉಚಿತವಾದ ಆಡಾಸಿಟಿ ಸಾಕು. ದನಿಯ ಮಟ್ಟ ಅತಿ ಜೋರಾದಾಗಲೂ ಮೈನಸ್ 12ರ ಆಸುಪಾಸಿನಲ್ಲಿರಲಿ. ತಮಟೆ ಹಿಡಿಯುವಾಗ ಇನ್ನೂ ಕೆಳಗಿಡಿ. 24 ಬಿಟ್‌ನಲ್ಲಿ ಸಣ್ಣ ದನಿಯನ್ನು ಆಮೇಲೆ ಏರಿಸಬಹುದು, ಒಡೆದ ದನಿಯನ್ನು ಸರಿಮಾಡಲಾಗದು.

ಹಿಡಿದದ್ದನ್ನು ಕಾಯುವುದು

ಭಾಷಾವಿಜ್ಞಾನಿ ಎಂ. ಬಿ. ಎಮೆನೊ 1930ರ ದಶಕದಲ್ಲಿ ನೀಲಗಿರಿಯಲ್ಲಿ ತೋಡರ ಹಾಡುಗಳನ್ನು ಸಂಗ್ರಹಿಸಿದರು. ಅವು ‘ತೋಡ ಸಾಂಗ್ಸ್’ ಎಂಬ ಗ್ರಂಥವಾಗಿ ಬಂದದ್ದು 1971ರಲ್ಲಿ. ಆ ಪುಸ್ತಕ ಇರುವುದರಿಂದ ಪದಗಳು ಉಳಿದಿವೆ. ಹಾಡಿದವರ ಏರಿಳಿತವನ್ನು ಪುಟದ ಮೇಲೆ ಇಡಲಾಗದು. ನಮ್ಮ ಲ್ಯಾಪ್‌ಟಾಪಿನಲ್ಲಿ ಅದು ಉಳಿಯಬಲ್ಲುದು, ಕಾಪಾಡಿದರೆ.

ಮೂಲ ಕಡತ ವೇವ್ ರೂಪದಲ್ಲಿರಲಿ. ಎಂಪಿ3 ಬರಿಯ ಹಂಚಿಕೆಗೆ. ಜಾಗ ಸಾಲದಿದ್ದರೆ ಫ್ಲ್ಯಾಕ್ ಮಾಡಿ, ಗುಣ ಕೆಡದೆ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಡತದ ಹೆಸರಿನಲ್ಲೇ ಹಾಡಿದವರು, ಊರು, ತಾರೀಕು ಬರೆಯಿರಿ. ‘ಆಡಿಯೊ 17’ ಎಂದಿಟ್ಟರೆ ಹತ್ತು ವರ್ಷದ ಮೇಲೆ ಮನೆಯವರಿಗೂ ತಿಳಿಯದು. ರೆಕಾರ್ಡ್ ಒತ್ತುವ ಮೊದಲು ಹಾಡುವವರನ್ನು ಕೇಳಿ: ಇದನ್ನು ಮನೆಯಲ್ಲಿಡಬಹುದೇ, ಹೊರಗೆ ಹಾಕಬಹುದೇ? ಸಾವಿನ ಮನೆಯಲ್ಲಿ, ದೇವರ ಮುಂದೆ ಮಾತ್ರ ಹಾಡುವ ಪದಗಳಿವೆ. ಅವರು ಬೇಡವೆಂದರೆ ಬೇಡ.

ಪ್ರತಿಗಳು ಮೂರಿರಲಿ. ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಮೂರನೆಯದು ಬೇರೆ ಊರಿನ ನೆಂಟರ ಮನೆಯಲ್ಲಿ. ಮನೆಯಲ್ಲಿಡುವ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಗೂಡಲೂರು ಕಡೆಯ ಮಳೆಗಾಲಕ್ಕಂತೂ ಇದು ಬೇಕೇ ಬೇಕು. ಆರು ತಿಂಗಳಿಗೊಮ್ಮೆ ಎರಡೂ ಡಿಸ್ಕ್‌ಗಳನ್ನು ಸಿಕ್ಕಿಸಿ, ನಾಲ್ಕಾರು ಹಾಡು ಪೂರ್ತಿ ಕೇಳಿ ನೋಡಿ. ತೆರೆಯಲು ತಡವರಿಸುವ ಡಿಸ್ಕನ್ನು ನಂಬದೆ ಅದೇ ವಾರ ಹೊಸದಕ್ಕೆ ನಕಲು ಮಾಡಿಕೊಳ್ಳಿ.