ತೊಂಬತ್ತು ನಿಮಿಷ, ತೊಂಬತ್ತು ಪ್ರಶ್ನೆ

ಎಂಟನೇ ತರಗತಿಯ ತಮ್ಮ ತಂಗಿಯರೇ,

ಎನ್.ಎಂ.ಎಂ.ಎಸ್. ಪರೀಕ್ಷೆಗೆ ಕೂರುವವರು ಇದನ್ನು ಓದಿಯೇ ಮುಂದೆ ಹೋಗಿ. ಈ ಪರೀಕ್ಷೆಯನ್ನು ಎಂಟನೇ ತರಗತಿಯಲ್ಲಿ ಮಾತ್ರ ಬರೆಯಬಹುದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ನಾಲ್ಕು ವರ್ಷಕ್ಕೆ 48,000 ಆಯಿತು. ಕೂಲಿ ಮಾಡಿ ಓದಿಸುವ ಮನೆಗೆ ಇದೇನು ಸಣ್ಣ ದುಡ್ಡಲ್ಲ.

ಮಾನಸಿಕ ಸಾಮರ್ಥ್ಯದ ಪತ್ರಿಕೆಯಲ್ಲಿ 90 ಪ್ರಶ್ನೆ, 90 ನಿಮಿಷ. ಅಭ್ಯಾಸ ಪತ್ರಿಕೆ ಬರೆದಾಗ ಗಂಟೆ ಬಾರಿಸುವಷ್ಟರಲ್ಲಿ ನನ್ನದು 61 ಮಾತ್ರ ಮುಗಿದಿತ್ತು. ಕಣ್ಣಲ್ಲಿ ನೀರು ಬಂತು. ಆಗ ನಮ್ಮ ಸರ್, "ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ದೆ ಓಡಿದ್ರೆ ಊರು ಸಿಗ್ತತೇನಮ್ಮಾ? ಮೊದ್ಲು ಏನು ಕೇಳ್ಯಾರ ನೋಡು" ಎಂದರು. ಅದರಿಂದ ನಾನು ಕಲಿತದ್ದು ಇದು.

1. ಕೊನೆಯ ಸಾಲನ್ನು ಮೊದಲು ಓದಿ. ಉದಾ: ಬಸ್ಸಿಗೆ ಐದು ಜನ ಸಾಲಾಗಿ ನಿಂತಿದ್ದಾರೆ. ಗಂಗಾ ಎಲ್ಲರಿಗಿಂತ ಮುಂದೆ, ಬಸವ ಎಲ್ಲರಿಗಿಂತ ಹಿಂದೆ. ಹನುಮನ ಹಿಂದೆಯೇ ರೇಣುಕಾ, ರೇಣುಕಾಳ ಹಿಂದೆಯೇ ಸಿದ್ದ. ನಡುವೆ ಇರುವವರು ಯಾರು? 'ನಡುವೆ ಯಾರು' ಎಂಬುದು ಮೊದಲೇ ತಲೆಯಲ್ಲಿದ್ದರೆ ಎರಡನೇ ಸಲ ಓದುವುದು ತಪ್ಪುತ್ತದೆ. ಪೂರ್ತಿ ಹೆಸರು ಬರೆಯಬೇಡಿ. ಮೊದಲ ಅಕ್ಷರ ಸಾಕು: ಗ, ಹ, ರೇ, ಸಿ, ಬ. ಉತ್ತರ ರೇಣುಕಾ.

2. ಕೊಟ್ಟದ್ದನ್ನು ಮಾತ್ರ ನಂಬಿ. ಉದಾ: ಎಲ್ಲಾ ಅದಿರಿನ ಲಾರಿಗಳು ಸಂಡೂರಿನಿಂದ ಬರುತ್ತವೆ. ಈ ಲಾರಿ ಸಂಡೂರಿನಿಂದ ಬಂದಿದೆ. ಆದ್ದರಿಂದ ಇದು ಅದಿರಿನ ಲಾರಿ. ಸರಿಯೋ, ತಪ್ಪೋ? ನಾವು ದಿನಾ ಕೆಂಪು ಧೂಳು ನೋಡುವವರು, ತಟ್ಟನೆ 'ಸರಿ' ಅಂದುಬಿಡುತ್ತೇವೆ. ಆದರೆ ಅದು ತಪ್ಪು. ಸಂಡೂರಿನಿಂದ ಮೆಕ್ಕೆಜೋಳದ ಲಾರಿಯೂ ಬರಬಹುದಲ್ಲ! ಇಂಥ ಪ್ರಶ್ನೆಗೆ ಒಂದು ದೊಡ್ಡ ವೃತ್ತ (ಸಂಡೂರಿನ ಲಾರಿಗಳು), ಅದರೊಳಗೆ ಒಂದು ಸಣ್ಣ ವೃತ್ತ (ಅದಿರಿನ ಲಾರಿಗಳು) ಬರೆಯಿರಿ. ನಮ್ಮ ಲಾರಿ ದೊಡ್ಡದರೊಳಗೆ ಇದೆ, ಸಣ್ಣದರೊಳಗೆ ಇದ್ದೇ ಇರಬೇಕೆಂದಿಲ್ಲ. ಹತ್ತು ಸೆಕೆಂಡಿನ ಕೆಲಸ.

3. ಎರಡು ಸುತ್ತು ಮಾಡಿ. ಮೊದಲ 60 ನಿಮಿಷದಲ್ಲಿ ಬರುವುದನ್ನೆಲ್ಲಾ ಮುಗಿಸಿ. ಒಂದು ನಿಮಿಷ ದಾಟಿದರೂ ಬಿಡಿಸಲು ಬಾರದಿದ್ದರೆ ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕಿ ಮುಂದೆ ನಡೆಯಿರಿ. ಉಳಿದವುಗಳಿಗೆ 25 ನಿಮಿಷ. ಕೊನೆಯ 5 ನಿಮಿಷ ಖಾಲಿ ಬಿಟ್ಟಿದ್ದನ್ನು ತುಂಬಲು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

4. ಬಿಟ್ಟು ಮುಂದೆ ಹೋದಾಗ ಓ.ಎಂ.ಆರ್. ಹಾಳೆಯ ಸಂಖ್ಯೆ ನೋಡಿ. ನಾನು 14ನೇ ಪ್ರಶ್ನೆ ಬಿಟ್ಟು, 15ರ ಉತ್ತರವನ್ನು 14ರಲ್ಲಿ ತುಂಬಿದ್ದೆ. 22ಕ್ಕೆ ಬಂದಾಗ ಗೊತ್ತಾಯಿತು! ಅಭ್ಯಾಸದ ಹಾಳೆಯಾದ್ದರಿಂದ ಉಳಿದೆ. ನಿಜವಾದ ಹಾಳೆಯಲ್ಲಿ ಪೆನ್ನಿನಿಂದ ತುಂಬಿದ್ದನ್ನು ಅಳಿಸಲು ಬರುವುದಿಲ್ಲ.

ದಿನಕ್ಕೆ ಹತ್ತೇ ಪ್ರಶ್ನೆ, ಹತ್ತೇ ನಿಮಿಷ, ಗಡಿಯಾರ ಎದುರಿಗಿಟ್ಟುಕೊಂಡು ಮಾಡಿ. ತಪ್ಪಾದದ್ದು ಏಕೆ ತಪ್ಪಾಯಿತೆಂದು ಪಕ್ಕದಲ್ಲಿ ಒಂದು ಸಾಲು ಬರೆಯಿರಿ. ನಾನು ಹೀಗೆ ಒಂದು ತಿಂಗಳು ಮಾಡಿದ ಮೇಲೆ 61 ಇದ್ದದ್ದು 84 ಆಯಿತು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.

ಈಗ ನಿಮಗೊಂದು ಪ್ರಶ್ನೆ: ಕೆಲವು ಹುಡುಗರು ಈಜುಗಾರರು. ಎಲ್ಲಾ ಈಜುಗಾರರು ಧೈರ್ಯವಂತರು. ಹಾಗಾದರೆ ಕೆಲವು ಹುಡುಗರು ಧೈರ್ಯವಂತರೇ? ವೃತ್ತ ಬರೆದು, ಉತ್ತರವನ್ನು ಚೀಟಿಯಲ್ಲಿ ತನ್ನಿ.

– ನಿಮ್ಮ ಅಕ್ಕ, ಒಂಬತ್ತನೇ ತರಗತಿ